ಮೂರು ಪಾಲು ಫೋಟಾನ್ ಬಿಟ್ಟುಕೊಟ್ಟೆ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಫರ್ಮಿ ದೂರದರ್ಶಕದ ಡೇಟಾ ಎತ್ತಿಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಫೈಲಿನಲ್ಲಿರುವ ಫೋಟಾನಿನ ದಿಕ್ಕು ಯಾರೂ ಕಂಡದ್ದಲ್ಲ, ಲೆಕ್ಕ ಹಾಕಿ ತೆಗೆದದ್ದು. ನನ್ನ ಗೈಡ್ ಇದಿಷ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ.

ಗಾಮಾ ಕಿರಣ ಈ ದೂರದರ್ಶಕದೊಳಗಿನ ಟಂಗ್‌ಸ್ಟನ್ ಹಾಳೆಯಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಆ ಜೋಡಿ ಸಿಲಿಕಾನ್ ಪಟ್ಟಿಗಳಲ್ಲಿ ಬಿಟ್ಟ ಜಾಡಿನಿಂದ ದಿಕ್ಕು, ಕೆಳಗಿನ ಸೀಸಿಯಂ ಅಯೊಡೈಡ್ ಹರಳುಗಳಿಂದ ಶಕ್ತಿ. ಶಕ್ತಿ ಕಡಿಮೆಯಿದ್ದರೆ ಜೋಡಿ ಟಂಗ್‌ಸ್ಟನ್ನಿನಲ್ಲೇ ಅಡ್ಡಾದಿಡ್ಡಿ ಹೊರಳುತ್ತದೆ, 100 ಎಂ.ಇ.ವಿ. ಹತ್ತಿರ ದಿಕ್ಕು ಸುಮಾರು 5 ಡಿಗ್ರಿ ಮಸುಕು.

ನನ್ನ ಪಾಲಿಗೆ ಬಂದದ್ದು ಮಿಥುನ ರಾಶಿಯ ಐ.ಸಿ. 443, ಸೂಪರ್‌ನೋವಾ ಅವಶೇಷ. ಅಲ್ಲಿ ಪ್ರೋಟಾನುಗಳು ವೇಗ ಪಡೆಯುತ್ತವೆ ಎಂದು ಫರ್ಮಿ ತಂಡ 2013ರಲ್ಲಿ ತೋರಿಸಿದ್ದು ರೋಹಿತದಲ್ಲಿ 200 ಎಂ.ಇ.ವಿ. ಕೆಳಗಿನ ಇಳಿತದಿಂದಲೇ. ಆದರೆ ಸುಮಾರು 6 ಡಿಗ್ರಿ ಆಚೆಗೆ ಜೆಮಿಂಗಾ ಪಲ್ಸಾರ್ ಧಗಧಗ ಉರಿಯುತ್ತಿದೆ, ಅಷ್ಟು ಮಸುಕಿನಲ್ಲಿ ಎರಡರ ಬೆಳಕೂ ಬೆರೆಯುತ್ತದೆ.

ಚೌಡಾಪುರದ ಮನೆಯಲ್ಲಿ ಮೂಲಗಳ ಮಾದರಿಯನ್ನು ಡೇಟಾಗೆ ಹೊಂದಿಸುವ ಫಿಟ್ ಓಡಿಸುತ್ತಿದ್ದೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟ ಗಾಡಿಗಳ ಹಾರ್ನು ರಾತ್ರಿಯೆಲ್ಲ. ಕರೆಂಟ್ ಹೋಯಿತು, ಮತ್ತೆ ಮೊದಲಿಂದ. ನಸುಕಿನಲ್ಲಿ ಡೇಟಾದಿಂದ ಮಾದರಿ ಕಳೆದ ಉಳಿಕೆ ನಕ್ಷೆ ತೆರೆಯಿತು: ಐ.ಸಿ. 443ರ ಜಾಗದಲ್ಲಿ ನೀಲಿ ತಗ್ಗು, ಜೆಮಿಂಗಾ ಕಡೆಗೆ ಕೆಂಪು ದಿಬ್ಬ. ಪಕ್ಕದವರ ಬೆಳಕು ನನ್ನ ಮೂಲದ ಖಾತೆಗೆ ಬಿದ್ದಿತ್ತು. ಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಿತ್ತು, ಕೈಕಾಲು ತಣ್ಣಗಾದವು. ಪಿ.ಎಸ್.ಎಫ್.-3 ಬಗೆಯ, ಅಂದರೆ ದಿಕ್ಕು ಚೆನ್ನಾಗಿ ಸಿಕ್ಕ ಕಾಲು ಪಾಲನ್ನಷ್ಟೇ ಇಟ್ಟುಕೊಳ್ಳುವೆನೆಂದು ಗೈಡ್‌ಗೆ ಫೋನ್ ಮಾಡಿದೆ.

“ನಾಲ್ಕರಾಗ ಮೂರು ಪಾಲು ಒಗದ್ರ ಉಳಿಯೋದೇನವ್ವಾ? ಇದ್ದದ್ದೇ ಬರದು ಕೊಡು.”

ಕಾಕಾನೂ ಅವರ ಕಡೆಯೇ: “ಅಷ್ಟು ಓದಿದವರು ಹೇಳ್ಯಾರ, ನೀ ಯಾಕ ವಾದ ಹಾಕ್ತಿ?” ನಾನು ಹಟ ಬಿಡಲಿಲ್ಲ. ಹೊಸ ಫಿಟ್ಟಿನಲ್ಲಿ ದಿಬ್ಬ ಕರಗಿತು. ದೋಷಪಟ್ಟಿಗಳು ಉದ್ದವಾದವು ನಿಜ, ಆದರೆ ಇಳಿತ ಕಂಡಿತು! ಉದ್ದದ ಪಟ್ಟಿಯೇ ಪ್ರಾಮಾಣಿಕ ಪಟ್ಟಿ ಎಂದು ಈಗಲೂ ಹೇಳುತ್ತೇನೆ.

ಇನ್ನೆರಡು ಮಾತು. ಭೂಮಿಯ ಅಂಚೂ ಗಾಮಾದಲ್ಲಿ ಹೊಳೆಯುತ್ತದೆ, ಆದ್ದರಿಂದ ಝೆನಿತ್ ಕೋನ 90 ಡಿಗ್ರಿ ಮೀರಿದ್ದನ್ನು ಬಿಡಿ. ಕಡಿಮೆ ಶಕ್ತಿಗೆ ಇನ್ನೂ ಬಿಗಿ ಇರಲಿ. ಆರಿಸಿದ ವಲಯದ ಹೊರಗಿನ ಪ್ರಖರ ಮೂಲಗಳನ್ನೂ ಮಾದರಿಗೆ ಸೇರಿಸಿ.

ಗೈಡ್ ಸಹಿ ಹಾಕಿದರು, ಕಾಲು ಪಾಲಿನ ಫಲಿತಾಂಶವನ್ನು ಮಾತ್ರ ಅನುಬಂಧಕ್ಕೆ ತಳ್ಳಿಸಿದರು. ನನ್ನ ಪ್ರಬಂಧ ಯಾರ ಕೈಗಾದರೂ ಸಿಕ್ಕರೆ ಅನುಬಂಧದಿಂದಲೇ ಓದಲು ಶುರು ಮಾಡಿ.