ಸೋಲಾರ್ ಗುತ್ತಿಗೆ ಹಣದಲ್ಲಿ ಜರ್ಮನಿ

ವಳ್ಳೂರಿನ ಅಕ್ಕನ ಮನೆಯವರು ಐದು ಎಕರೆಯನ್ನು ಪಾವಗಡದ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟವರು. ಮೆಕ್ಯಾನಿಕಲ್ ಓದಿದ ಮಗ ಆಪರ್ಚುನಿಟಿ ಕಾರ್ಡ್ ಮೇಲೆ ಜರ್ಮನಿಗೆ ಹೋಗಿ ಕೆಲಸ ಹುಡುಕುತ್ತೇನೆ ಎಂದಾಗ, ಭಾವ ಸಾಲಕ್ಕೆ ಹೊರಟರು. ನಾನು ಎಫ್‌ಡಿ ಮುರಿದು ಕೊಟ್ಟೆ. ಮಮತೆಯೇನೋ ಇತ್ತು, ಆದರೆ ಕೈ ಬಿಚ್ಚಿಸಿದ್ದು ಲೆಕ್ಕ.

ಅಲ್ಲಿನ ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಮೊದಲೇ ಹಣ ತುಂಬುವ ಬ್ಲಾಕ್ಡ್ ಅಕೌಂಟಿನಲ್ಲಿ 2025ರ ದರದಂತೆ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092 ತೋರಿಸಬೇಕು. ಯೂರೊಗೆ ನೂರು ರೂಪಾಯಿ ಹಿಡಿದರೂ 13,09,200. ಶೇ 12ರ ಸಾಲವಾದರೆ ವರ್ಷದ ಬಡ್ಡಿಯೇ 1,57,104. ಇತ್ತ ಗುತ್ತಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ನಾಲ್ಕು ಸಲ ಏರಿದೆ ಎಂದರೂ ಐದು ಎಕರೆಗೆ 1,27,628. ಬಡ್ಡಿಗೇ ಸುಮಾರು ಮೂವತ್ತು ಸಾವಿರ ಕಡಿಮೆ, ಅಸಲು ಕದಲುವುದಿಲ್ಲ. ಭಾವ ವಿಚಾರಿಸಿದ್ದ ಕೈಸಾಲವೋ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಅಂದರೆ ಇದರ ದುಪ್ಪಟ್ಟು!

ಮೇಲೆ ಟಿಸಿಎಸ್, ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ದಾಟಿದ ಭಾಗಕ್ಕೆ ಶೇ 20, ಅಂದರೆ 61,840. ರಿಟರ್ನ್ ಹಾಕಿದರೆ ಸಿಗುತ್ತದೆ, ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಕಳಿಸಿದ್ದರಿಂದ ನಮಗೆ ಅದು ತಪ್ಪಿತು.

‘ದುಡ್ಡು ನಿಮ್ಮದೇ, ತಿಂಗಳು ತಿಂಗಳು ವಾಪಸ್ ಬರುತ್ತೆ’ ಎಂದ ವೀಸಾ ಏಜೆಂಟ್. ಬರುತ್ತದೆ, ಊಟ ಬಾಡಿಗೆಗೆ ಹೋಗುತ್ತದೆ. ಅವನ ಎರಡು ಲಕ್ಷದ ‘ಪ್ಯಾಕೇಜ್’ ಕಂಡರೆ ನನಗೆ ಮೈಯುರಿ. ವೀಸಾ ಶುಲ್ಕ 75 ಯೂರೊ, ಬೇಕಾದ್ದು ಆರು ಪಾಯಿಂಟ್. ವಯಸ್ಸು 35ರೊಳಗಿದ್ದರೆ ಎರಡು, ಐದು ವರ್ಷದಲ್ಲಿ ಎರಡು ವರ್ಷದ ಅನುಭವವಿದ್ದರೆ ಎರಡು, ಜರ್ಮನ್ ಬಿ1 ಆಗಿದ್ದರೆ ಎರಡು. ಇದರಲ್ಲಿ ಏಜೆಂಟ್ ಕೊಡುವುದು ಯಾವುದು? ವಯಸ್ಸೇ?

ಕಾರ್ಡ್ ಇದ್ದವರು ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ, ಕಡಿತಕ್ಕೆ ಮುಂಚೆ ತಿಂಗಳಿಗೆ ಸುಮಾರು 1,111. ಅದು ಸಿಕ್ಕರೆ ಬ್ಲಾಕ್ಡ್ ಅಕೌಂಟಿನ ಹಣ ಬಹುಪಾಲು ಉಳಿಯುತ್ತದೆ. ಸಿಗಬೇಕಾದರೆ ಭಾಷೆ ಬರಬೇಕು. ನಮ್ಮ ಹುಡುಗರು ಸಾಲದ ಅರ್ಜಿಯನ್ನು ಒಂದೇ ದಿನದಲ್ಲಿ ತುಂಬುತ್ತಾರೆ. ಸಂಜೆ ಮೊಬೈಲ್ ಬದಿಗಿಟ್ಟು ಒಂದು ಗಂಟೆ ಕ್ರಿಯಾಪದ ಉರು ಹೊಡೆಯಿರಿ ಎಂದರೆ ಆಕಳಿಸುತ್ತಾರೆ. ಬಿ1 ಮುಗಿಸದೆ ಚೆಕ್ ಬರೆಯುವುದಿಲ್ಲ ಎಂದೆ. ಒಂದು ವರ್ಷ ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಅವನು ಸ್ಟುಟ್‌ಗಾರ್ಟ್‌ನ ಗೋದಾಮೊಂದರಲ್ಲಿ ಪಾರ್ಟ್‌ಟೈಮ್ ಮಾಡುತ್ತ ಇಂಟರ್‌ವ್ಯೂ ಕೊಡುತ್ತಿದ್ದಾನೆ. ಎಫ್‌ಡಿಗೆ ಬರುತ್ತಿದ್ದಷ್ಟು ಬಡ್ಡಿ ಕೊಟ್ಟೇ ಕೊಡುತ್ತೇನೆ ಎಂದು ಅಕ್ಕನ ಹಟ. ನಾನು ಬೇಡ ಎಂದಿಲ್ಲ.