ಹೊಸ ಇಂಜಿನಿಗೆ ಮೊದಲ 50 ಗಂಟೆ

ಪವರ್ ಟಿಲ್ಲರ್ ಇರಲಿ, ಡೀಸೆಲ್ ಪಂಪು ಇರಲಿ, ಪಿಕಪ್ ಇರಲಿ, ನಮ್ಮಂಥ ಸಣ್ಣ ಕೃಷಿಕರು ಹೊಸ ಇಂಜಿನ್ ಕೊಳ್ಳುವುದು ಜೀವಮಾನದಲ್ಲಿ ಎರಡೋ ಮೂರೋ ಸಲ. ಅದೂ ಹೆಚ್ಚಾಗಿ ಸಾಲ ಮಾಡಿ. ಕಂತು ಮುಗಿಯುವ ಮೊದಲೇ ಅದು ನೀಲಿ ಹೊಗೆ ಬಿಡಲು ಶುರು ಮಾಡಿದರೆ ಯಂತ್ರದ ಸಾಲದ ಮೇಲೆ ರಿಪೇರಿಯ ಸಾಲ.

ಹೊಸ ಯಂತ್ರ ಮನೆಗೆ ಬಂದಾಗ ನಮ್ಮಲ್ಲಿ ಎರಡು ಕ್ರಮ ಕಾಣುತ್ತದೆ. ಗದ್ದೆಗೆ ನೀರು ಕಟ್ಟಿ ಆಗಿದೆ, ಆಳುಗಳು ಕಾಯ್ತಾ ಇದ್ದಾರೆ ಅಂತ ಪೂಜೆ ಮಾಡಿದ ಮರುದಿನವೇ ಬೆಳಗಿನಿಂದ ಸಂಜೆವರೆಗೆ ಪೂರ್ತಿ ದುಡಿಸುವವರು ಒಂದು ಕಡೆ. 'ಹೊಸತಲ್ವಾ, ಮೆತ್ತಗೆ ಪಳಗಲಿ' ಅಂತ ಅಂಗಳದಲ್ಲಿ ನಿಲ್ಲಿಸಿ, ಭಾರವೇ ಕೊಡದೆ ಗಂಟೆಗಟ್ಟಲೆ ಓಡಿಸುವವರು ಇನ್ನೊಂದು ಕಡೆ. ಮೊದಲನೆಯದು ತಪ್ಪು ಅಂತ ಎಲ್ಲರೂ ಒಪ್ಪುತ್ತಾರೆ. ಎರಡನೆಯದೂ ಅಷ್ಟೇ ತಪ್ಪು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಈ ಪಾಠದ ತಿರುಳು ಅದೇ.

ಒಳಗೆ ನಡೆಯುವುದೇನು?

ಸಿಲಿಂಡರಿನ ಒಳಗೋಡೆಗೆ ಮೆಕ್ಯಾನಿಕ್‌ಗಳು ಬೋರು ಅನ್ನುತ್ತಾರೆ. ಹೊಸ ಬೋರು ನೋಡಲು ನುಣುಪು. ಆದರೆ ಬೆಳಕಿಗೆ ಹಿಡಿದು ನೋಡಿದರೆ ಅಡ್ಡಡ್ಡ ಹೆಣೆದ ಹಾಗೆ ಸಣ್ಣ ಗೀರುಗಳು ಕಾಣುತ್ತವೆ. ಕಾರ್ಖಾನೆಯಲ್ಲಿ ಇವನ್ನು ಬೇಕಂತಲೇ ಹಾಕುತ್ತಾರೆ. ಈ ಕೆಲಸಕ್ಕೆ ಹಾನಿಂಗ್ ಅಂತ ಹೆಸರು. ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಗೀರಿನ ಏಣುಗಳು ಪಿಸ್ಟನ್ ರಿಂಗನ್ನು ನಯವಾಗಿ ಉಜ್ಜುತ್ತವೆ. ಹೀಗೆ ಉಜ್ಜಿ ಉಜ್ಜಿ ರಿಂಗಿನ ಅಂಚೂ ಬೋರೂ ಒಂದಕ್ಕೊಂದು ಸರಿಯಾಗಿ ಕೂರುವುದಕ್ಕೆ 'ರಿಂಗ್ ಸೆಟ್ ಆಗುವುದು' ಅನ್ನುತ್ತಾರೆ. ಸೆಟ್ ಆದ ಮೇಲೆ ಮೇಲಿನ ಉರಿ ಕೆಳಗಿಳಿಯುವುದಿಲ್ಲ, ಕೆಳಗಿನ ಆಯಿಲ್ ಮೇಲೆ ಹತ್ತುವುದಿಲ್ಲ.

ರಿಂಗನ್ನು ಬೋರಿಗೆ ಒತ್ತಿ ಹಿಡಿಯುವುದು ಯಾವುದು? ರಿಂಗಿನ ಸ್ವಂತ ಸ್ಪ್ರಿಂಗ್ ಗುಣ ಸ್ವಲ್ಪ. ಹೆಚ್ಚಿನ ಒತ್ತಡ ಬರುವುದು ಮೇಲೆ ಇಂಧನ ಉರಿದಾಗ. ಆ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಭಾರ ಇದ್ದರೆ ಇಂಧನ ಹೆಚ್ಚು ಉರಿಯುತ್ತದೆ, ಒತ್ತಡವೂ ಹೆಚ್ಚುತ್ತದೆ. ಭಾರವೇ ಇಲ್ಲದಿದ್ದರೆ ರಿಂಗು ಗೋಡೆಯ ಮೇಲೆ ಸುಮ್ಮನೆ ಜಾರುತ್ತದೆ. ಅದು ಕೆರೆಯದೆ ಬಿಟ್ಟ ಆಯಿಲ್ ಗೋಡೆಯಲ್ಲೇ ಸುಟ್ಟು, ವಾರ್ನಿಶ್ ಹಾಗೆ ಗಟ್ಟಿಯಾಗಿ ಗೀರುಗಳನ್ನು ಮುಚ್ಚುತ್ತದೆ. ಬೋರು ಗಾಜಿನ ಹಾಗೆ ಹೊಳೆಯುತ್ತದೆ. ಇದಕ್ಕೆ ಗ್ಲೇಜ್ ಅನ್ನುತ್ತಾರೆ. ಒಮ್ಮೆ ಗ್ಲೇಜ್ ಚೆನ್ನಾಗಿ ಹಿಡಿದರೆ ಉಜ್ಜುವ ಏಣೇ ಉಳಿಯುವುದಿಲ್ಲ, ರಿಂಗ್ ಸೆಟ್ ಆಗುವುದೂ ಇಲ್ಲ.

ಹಾಗಂತ ಮೊದಲ ದಿನವೇ ಪೂರ್ತಿ ಭಾರ ಹೇರಿದರೆ? ಉಬ್ಬಿದ ಕಡೆಗಳಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗಿ ಅತಿಯಾಗಿ ಬಿಸಿಯಾಗುತ್ತದೆ. ರಿಂಗಿನಲ್ಲೂ ಪಿಸ್ಟನ್ನಿನಲ್ಲೂ ಉದ್ದುದ್ದ ಗೀರು ಬೀಳುತ್ತದೆ. ಹೆಚ್ಚಾದರೆ ಪಿಸ್ಟನ್ ಕಚ್ಚಿ ನಿಲ್ಲುತ್ತದೆ.

ಮನೆಯ ಕಡೆಯುವ ಕಲ್ಲನ್ನು ನೆನಪು ಮಾಡಿಕೊಳ್ಳಿ. ಹೊಸ ಕಲ್ಲನ್ನು ಖಾಲಿ ತಿರುಗಿಸಿ ಯಾರೂ ಪಳಗಿಸುವುದಿಲ್ಲ. ತೌಡೋ ಅಕ್ಕಿಯೋ ಹಾಕಿ ಹದವಾಗಿ ಕಡೆದು, ಆ ಮೊದಲ ಹಿಟ್ಟನ್ನು ಕಲ್ಲುಪುಡಿ ಸಮೇತ ಎಸೆಯುತ್ತಾರೆ. ಇಂಜಿನಿಗೂ ಅಷ್ಟೇ. ಹದವಾದ ಭಾರ ಕೊಡಬೇಕು, ಮೊದಲ ಆಯಿಲನ್ನು ಬೇಗ ಚೆಲ್ಲಬೇಕು.

ನೆರೆಕರೆಯ ಒಂದು ಉದಾಹರಣೆ

ನಮ್ಮ ಹತ್ತಿರದ ಒಬ್ಬರು 5 ಕೆ.ವಿ.ಎ. ಡೀಸೆಲ್ ಜನರೇಟರ್ ತಂದರು. ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿ.ವಿ. ಇಷ್ಟೇ ಅದರ ಕೆಲಸ. ತುಂಬ ಜೋಪಾನ ಮಾಡುತ್ತಿದ್ದರು, ದಿನಾ ಒರೆಸಿ ಇಡುವಷ್ಟು. ಎರಡನೇ ಮಳೆಗಾಲಕ್ಕೆ ಸೈಲೆನ್ಸರಿನ ಬಾಯಲ್ಲಿ ಕಪ್ಪು ಜಿಡ್ಡು ತೊಟ್ಟಿಕ್ಕಲು ಶುರು, ಆಯಿಲ್ ವಾರವಾರ ಇಳಿಯಲು ಶುರು. ಮೆಕ್ಯಾನಿಕ್ ಹೆಡ್ ಬಿಚ್ಚಿದಾಗ ನಾನೂ ಇದ್ದೆ. ಬೋರಿನಲ್ಲಿ ಮುಖ ನೋಡಬಹುದಿತ್ತು. ಪುನಃ ಹಾನಿಂಗ್ ಮಾಡಿಸಿ ಹೊಸ ರಿಂಗ್ ಹಾಕಬೇಕಾಯ್ತು. ಅವರಿಗೆ ಬೇಸರವಾದದ್ದು ಖರ್ಚಿಗಿಂತ ಹೆಚ್ಚಾಗಿ 'ನಾನು ಅದನ್ನು ದುಡಿಸಲೇ ಇಲ್ವಲ್ಲ' ಅಂತ. ಹಾಳಾಗಲು ಕಾರಣವೇ ಅದು. ಡೀಸೆಲ್ ಜನರೇಟರಿಗೆ ಅದರ ಶಕ್ತಿಯ ಮೂರನೇ ಒಂದು ಪಾಲಾದರೂ ಭಾರ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಗಾಗಿ ಕೊಳ್ಳುವಾಗಲೂ ಬೇಕಾದ್ದಕ್ಕಿಂತ ತೀರಾ ದೊಡ್ಡದು ತರಬಾರದು.

ಚಾಲೂ ಮಾಡುವ ಮೊದಲು

ಯಂತ್ರದ ಜತೆ ಬಂದ ಪುಸ್ತಕವನ್ನು ಮೊದಲು ಓದಿಸಿಕೊಳ್ಳಿ. ನಾನಿಲ್ಲಿ ಕೊಡುವ ಲೆಕ್ಕಕ್ಕೂ ಪುಸ್ತಕಕ್ಕೂ ವ್ಯತ್ಯಾಸ ಇದ್ದರೆ ಪುಸ್ತಕದ್ದೇ ಸರಿ. ವಾರಂಟಿ ನಿಂತಿರುವುದೂ ಅದರ ಮೇಲೆ.

ಹಲವು ಸಣ್ಣ ಇಂಜಿನ್‌ಗಳು ಪೆಟ್ಟಿಗೆಯಲ್ಲಿ ಬರುವಾಗ ಆಯಿಲ್ ಇರುವುದೇ ಇಲ್ಲ. 'ಅಂಗಡಿಯವರು ಹಾಕಿರ್ತಾರೆ' ಅಂತ ನಂಬಬೇಡಿ, ಕಡ್ಡಿ ತೆಗೆದು ನೋಡಿ. ಏರ್ ಕ್ಲೀನರ್ ಆಯಿಲ್ ಬಟ್ಟಲಿನದ್ದಾದರೆ ಅದಕ್ಕೂ ಗುರುತಿನವರೆಗೆ ಆಯಿಲ್ ಬೇಕು. ಒಣ ಬಟ್ಟಲಿನಲ್ಲಿ ಧೂಳಿನ ಗದ್ದೆಗೆ ಇಳಿಸಿದರೆ ಹೊಸ ಬೋರಿಗೆ ಮರಳು ಕುಡಿಸಿದ ಹಾಗೆ. ಟಿಲ್ಲರಿಗೆ ಗೇರ್ ಬಾಕ್ಸಿನ ಆಯಿಲ್, ನೀರು, ಬೆಲ್ಟಿನ ಬಿಗಿ, ಬುಡದ ಬೋಲ್ಟುಗಳು, ಇಷ್ಟನ್ನೂ ನೋಡಿಯೇ ಹ್ಯಾಂಡಲಿಗೆ ಕೈ ಹಾಕಿ.

ಗಂಟೆ ಲೆಕ್ಕ

ನಮ್ಮ ಟಿಲ್ಲರಿಗೆ ನಾನು ಅನುಸರಿಸಿದ ಕ್ರಮ ಹೀಗಿದೆ.

ಮೊದಲ 10 ಗಂಟೆ: ಅರ್ಧ ಭಾರ. ಮೆದು ಗದ್ದೆಯಲ್ಲಿ ಆಳ ಕಡಿಮೆ ಇಟ್ಟು ಉಳುಮೆ, ಅಥವಾ ಟ್ರೈಲರಿನಲ್ಲಿ ಅರ್ಧ ಲೋಡು ಸೊಪ್ಪು, ಗೊಬ್ಬರ. ಎಕ್ಸಿಲೇಟರ್ ಪೂರ್ತಿ ಎಳೆಯಲಿಲ್ಲ. ಗಂಟೆಗೊಮ್ಮೆ ಐದು ನಿಮಿಷ ಬಿಡುವು.

10ರಿಂದ 25 ಗಂಟೆ: ಮುಕ್ಕಾಲು ಭಾರ. ಒಂದೇ ವೇಗದಲ್ಲಿ ಬಿಡದೆ ಆಗಾಗ ಏರಿಸಿ ಇಳಿಸಿ ಓಡಿಸುವುದು.

25ರಿಂದ 50 ಗಂಟೆ: ಮಾಮೂಲಿ ಕೆಲಸ. ನಡುನಡುವೆ ಐದು-ಹತ್ತು ನಿಮಿಷ ಪೂರ್ತಿ ಭಾರ. ಆಮೇಲೆ ಯಾವ ನಿರ್ಬಂಧವೂ ಇಲ್ಲ.

ಎಲ್ಲ ಹಂತದಲ್ಲೂ ಚಾಲೂ ಮಾಡಿದ ಮೇಲೆ ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಅದಕ್ಕಿಂತ ಹೆಚ್ಚು ಬೇಡ. ಕೆಲಸ ಮುಗಿದ ಮೇಲೂ ನಿಲ್ಲಿಸುವ ಮೊದಲು ಅಷ್ಟೇ ಹೊತ್ತು ನಿಧಾನ ಓಡಲಿ. ಇನ್ನೊಂದು ಮಾತು: 'ಮೆತ್ತಗೆ ಓಡಿಸೋದು' ಅಂದ್ರೆ ವೇಗ ತಗ್ಗಿಸಿ ಭಾರ ಎಳೆಸುವುದಲ್ಲ. ಇಂಜಿನ್ ದಡದಡ ಅಂತ ಏದುಸಿರು ಬಿಟ್ಟು ಕಪ್ಪು ಹೊಗೆ ಬಂದರೆ ಕೂಡಲೇ ಗೇರ್ ಇಳಿಸಿ, ಇಲ್ಲವೇ ಆಳ ಕಡಿಮೆ ಮಾಡಿ.

ಪಂಪಿನ ಇಂಜಿನಿಗೆ ಅರ್ಧ ಭಾರ ಹೇಗೆ ಕೊಡುವುದು? ಇದನ್ನು ತುಂಬ ಜನ ಕೇಳುತ್ತಾರೆ. ನಮ್ಮ ತೋಟಗಳಲ್ಲಿರುವ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಡೆಲಿವರಿ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿದರೆ ನೀರು ಕಡಿಮೆಯಾಗುತ್ತದೆ, ಇಂಜಿನಿನ ಭಾರವೂ ಕಡಿಮೆಯಾಗುತ್ತದೆ. ಮುಚ್ಚಿದರೆ ಭಾರ ಹೆಚ್ಚುತ್ತದೆ ಅಂತ ಹಲವರು ತಿಳಿದಿದ್ದಾರೆ. ಆಗುವುದು ಅದರ ಉಲ್ಟಾ. ಹಾಗಾಗಿ ಮೊದಲ ದಿನಗಳಲ್ಲಿ ವಾಲ್ವ್ ಅರ್ಧ ತೆರೆದು, ದಿನ ಹೋದ ಹಾಗೆ ಪೂರ್ತಿ ತೆರೆಯಬಹುದು. ಪೂರ್ತಿ ಮುಚ್ಚಿ ಓಡಿಸಬೇಡಿ, ಒಳಗಿನ ನೀರು ಕಾದು ಪಂಪು ಹಾಳಾಗುತ್ತದೆ.

ಮೊದಲ ಆಯಿಲ್ ಬದಲಾವಣೆ

ಉಜ್ಜಿ ಬಿದ್ದ ಲೋಹದ ಪುಡಿ ಹೋಗುವುದು ಆಯಿಲಿಗೆ. ಹೊಸ ಇಂಜಿನಿನ ಮೊದಲ ಗಂಟೆಗಳಲ್ಲಿ ಈ ಪುಡಿ ಬೀಳುವಷ್ಟು ಮುಂದೆ ಯಾವತ್ತೂ ಬೀಳುವುದಿಲ್ಲ. ಆದ್ದರಿಂದ ಮೊದಲ ಸಲ ಬೇಗ ಬದಲಾಯಿಸಬೇಕು. ಹೋಂಡಾದ ಜಿ.ಎಕ್ಸ್. ಜಾತಿಯ ಸಣ್ಣ ಪೆಟ್ರೋಲ್ ಇಂಜಿನ್‌ಗಳಿಗೆ ಮೊದಲ ಬದಲಾವಣೆ 20 ಗಂಟೆಗೆ ಅಥವಾ ಒಂದು ತಿಂಗಳಿಗೆ, ಆಮೇಲೆ 100 ಗಂಟೆಗೆ ಅಂತ ಪುಸ್ತಕದಲ್ಲಿದೆ. ಹಲವು ಟ್ರ್ಯಾಕ್ಟರುಗಳ ಮೊದಲ ಸರ್ವಿಸ್ 50 ಗಂಟೆಗೆ. ನಮ್ಮ ಟಿಲ್ಲರಿಗೆ ನಾನು 25 ಗಂಟೆಗೆ ಮಾಡಿದೆ.

ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಪುಡಿಯೂ ಜತೆಗೆ ಬರುತ್ತದೆ. ಆಯಿಲನ್ನು ಬಿಳಿ ಬಟ್ಟಲಿಗೆ ಹಿಡಿದು ಬಿಸಿಲಿನಲ್ಲಿ ನೋಡಿ. ಬೆಳ್ಳಿ ಹಾಗೆ ಮಿನುಗಿದರೆ ಗಾಬರಿ ಬೇಡ, ಪಳಗುವ ಲಕ್ಷಣ ಅದು. ಬೆರಳಿಗೆ ತಾಗುವಂಥ ಚೂರು ಸಿಕ್ಕಿದರೆ ಮಾತ್ರ ಓಡಿಸುವುದು ನಿಲ್ಲಿಸಿ ಡೀಲರನ್ನು ಕರೆಸಿ. ಆಯಿಲ್ ಫಿಲ್ಟರ್ ಮರೆಯಬೇಡಿ. ಬೋಲ್ಟುಗಳನ್ನು ಪುನಃ ಬಿಗಿ ಮಾಡುವುದು, ಟ್ಯಾಪೆಟ್ ನೋಡಿಸುವುದೂ ಆಗಲೇ ಆಗಲಿ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ ಸಾಕು. ಅದಕ್ಕೆ ಬೆರೆಸಲು ಸಿಗುವ 'ಜಾರುವ ಮದ್ದು' ಈ ಹಂತದಲ್ಲಿ ಬೇಡವೇ ಬೇಡ. ಈಗ ಬೇಕಾದ್ದು ಹದವಾದ ಉಜ್ಜಾಟ.

ಕಳೆಕೊಚ್ಚುವ ಯಂತ್ರ

ಎರಡು ಸ್ಟ್ರೋಕಿನ ಇಂಜಿನಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ, ಪೆಟ್ರೋಲಿನಲ್ಲಿ ಬೆರೆಸಿದ್ದೇ ಅದರ ಜೀವ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40 ಮಿ.ಲೀ. ಅಳತೆ ಡಬ್ಬಿಯಲ್ಲೇ ಅಳೆಯಿರಿ. 'ಹೊಸತಕ್ಕೆ ಸ್ವಲ್ಪ ಜಾಸ್ತಿ ಇರಲಿ' ಅಂತ ಸುರಿದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಸ್ಟಿಲ್ ಕಂಪೆನಿಯ ಪುಸ್ತಕದಲ್ಲಿ ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಭಾರ ಇಲ್ಲದೆ ಪೂರ್ತಿ ವೇಗದಲ್ಲಿ ಓಡಿಸಬಾರದು ಅಂತ ಇದೆ. ಅಂದರೆ ಹುಲ್ಲಿನಿಂದ ಮೇಲೆತ್ತಿದಾಗ ಬೆರಳು ಸಡಿಲಿಸಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ನೀರಿನ ಪಸೆ ಎಳೆದುಕೊಳ್ಳುತ್ತದೆ. ಮಿಶ್ರಣವನ್ನು ಬೇಕಾದಷ್ಟೇ ಮಾಡಿ, ಕೂಡಲೇ ಮುಗಿಸಿ.

ಕಾರು, ಪಿಕಪ್

ಹಿಂದೆ ಇಂಗ್ಲೆಂಡಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ 'ಇಂಜಿನ್ ಪಳಗುತ್ತಿದೆ, ದಾಟಿ ಹೋಗಿ' ಅಂತ ಚೀಟಿ ಅಂಟಿಸುತ್ತಿದ್ದರು. ಈಗ ಹಾನಿಂಗ್ ಕೆಲಸ ಬಹಳ ಸುಧಾರಿಸಿದೆ, ಅಷ್ಟು ದಿನ ತೆವಳಬೇಕಾಗಿಲ್ಲ. ಆದರೂ ಹಲವು ಪುಸ್ತಕಗಳು ಮೊದಲ 1000 ಕಿ.ಮೀ. ಎಚ್ಚರ ಹೇಳುತ್ತವೆ. ತತ್ವ ಟಿಲ್ಲರಿನದ್ದೇ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗ ಬೇಡ, ನಿಲ್ಲಿಸಿ ರೇಸ್ ಮಾಡುವುದು ಬೇಡ, ಟಾಪ್ ಗೇರಿನಲ್ಲಿ ಏರು ಹತ್ತಿಸುವುದು ಬೇಡ. ಹೊಸ ಪಿಕಪ್‌ನ ಮೊದಲ ಬಾಡಿಗೆಯೇ ಪೂರ್ತಿ ಲೋಡಿನಲ್ಲಿ ಶಿರಾಡಿ ಘಾಟಿ ಹತ್ತುವುದು ಆಗಬಾರದು. ಬ್ರೇಕೂ ಹೊಸತು, ಅದೂ ಪಳಗಬೇಕು ಅನ್ನುವುದು ನೆನಪಿರಲಿ.

ಪಳಗಿದ್ದು ಗೊತ್ತಾಗುವುದು ಹೇಗೆ?

ಆಯಿಲ್ ಇಳಿಯುವುದನ್ನು ನೋಡಿ. ಮೊದಲ ಗಂಟೆಗಳಲ್ಲಿ ತುಸು ಹೆಚ್ಚು ಇಳಿಯುತ್ತದೆ, ರಿಂಗ್ ಸೆಟ್ ಆದ ಹಾಗೆ ಕಡಿಮೆಯಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. 50 ಗಂಟೆ ದಾಟಿದರೂ ಇಳಿಯುತ್ತಲೇ ಇದ್ದರೆ, ನೀಲಿ ಹೊಗೆ ನಿಲ್ಲದಿದ್ದರೆ, ಬ್ರೀದರಿನಿಂದ ಹೊಗೆ ಬುಸುಗುಟ್ಟಿದರೆ ಗ್ಲೇಜ್ ಇರಬಹುದು. ಶುರುವಿನ ಗ್ಲೇಜ್ ಆದರೆ ಕೆಲವು ಗಂಟೆ ಒಳ್ಳೆಯ ಭಾರ ಕೊಟ್ಟು ದುಡಿಸಿದಾಗ ಬಿಟ್ಟುಕೊಳ್ಳುವುದೂ ಉಂಟು. ವಾರಂಟಿ ಇರುವಾಗಲೇ ಡೀಲರಿಗೆ ತಿಳಿಸಿ.

ಇದಕ್ಕೆಲ್ಲ ಬೇಕಾದ್ದು ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲು. ಪಂಪ್ ಶೆಡ್ಡಿನಲ್ಲಿ ತೂಗಹಾಕಿ. ತಾರೀಕು, ಓಡಿದ ಗಂಟೆ, ಮಾಡಿದ ಕೆಲಸ, ಹಾಕಿದ ಆಯಿಲ್, ಇಷ್ಟೇ ಬರೆದರೆ ಸಾಕು. ವಾರಂಟಿ ಕೇಳಲು ಹೋದಾಗ ಮಾತಿಗಿಂತ ಆ ಬರವಣಿಗೆಗೆ ಬೆಲೆ ಹೆಚ್ಚು. ಟಿಲ್ಲರನ್ನು ಬೇರೆಯವರ ಕೈಗೆ ಕೊಡುವವರು ಮೊದಲ 50 ಗಂಟೆ ಮಾತ್ರ ಕೊಡಬೇಡಿ, ನೀವೇ ಹಿಡಿಯಿರಿ. ಇಂಜಿನಿನ ಸರಿಯಾದ ಸದ್ದು ಯಾವುದು ಅಂತ ನಿಮ್ಮ ಕಿವಿಗೂ ಆಗಲೇ ಪಳಗುತ್ತದೆ.