ದೋಣಿಯ ಡೀಸೆಲ್ ಮತ್ತು ಓಟದ ದೂರ

ಮಲ್ಪೆ, ಮಂಗಳೂರು ದಕ್ಕೆಗಳಿಂದ ಹೊರಡುವ ಯಾಂತ್ರಿಕ ದೋಣಿಯ ಖರ್ಚಿನಲ್ಲಿ ಡೀಸೆಲ್‌ನದೇ ದೊಡ್ಡ ಪಾಲು. ಅದನ್ನು ಉಳಿಸಲು ಹೊಸ ಯಂತ್ರವೇ ಬೇಕೆಂದಿಲ್ಲ. ಮೊದಲು ವೇಗವನ್ನು ಹಿಡಿತದಲ್ಲಿಡಬೇಕು.

ದೋಣಿ ನೀರನ್ನು ಸೀಳುವಾಗ ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಎಬ್ಬಿಸುವುದಕ್ಕೇ ಎಣ್ಣೆ ವ್ಯಯವಾಗುತ್ತದೆ. ನೀರಿನ ಮಟ್ಟದಲ್ಲಿ 36 ಅಡಿ ಉದ್ದವಿರುವ ದೋಣಿಗೆ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿ.ಮೀ. ಮಿತಿ. ಅದರಾಚೆ ಯಂತ್ರ ಗರ್ಜಿಸಿದಷ್ಟು ದೋಣಿ ಓಡದು.

8 ನಾಟ್‌ನಲ್ಲಿ ಗಂಟೆಗೆ 20 ಲೀಟರು ಬೇಕಾಗುವ ದೋಣಿಗೆ 6 ನಾಟ್‌ನಲ್ಲಿ ಸುಮಾರು 9 ಲೀಟರು ಸಾಕೆಂದು ಇಟ್ಟುಕೊಳ್ಳೋಣ. ಟ್ಯಾಂಕಿನ 300 ಲೀಟರಿನಲ್ಲಿ ಮೂರನೆಯ ಒಂದು ಪಾಲನ್ನು ಆಪತ್ತಿಗೆಂದು ಬಿಟ್ಟರೆ, ಮೊದಲ ವೇಗದಲ್ಲಿ 80 ನಾಟಿಕಲ್ ಮೈಲಿ, ಎರಡನೆಯದರಲ್ಲಿ 133 ಓಡಬಹುದು. ಇದು ಹೋಗಿಬರುವ ಒಟ್ಟು ದೂರ. ಬಲೆ ಎಳೆಯಲು ಬೇಕಾಗುವ ಎಣ್ಣೆಯನ್ನು ಮೊದಲೇ ಕಳೆಯಬೇಕು. ಇದನ್ನು ಮರೆತ ತಂಡೇಲರು ನಡುಗಡಲಲ್ಲಿ ಬೇರೆಯವರ ಹಗ್ಗಕ್ಕಾಗಿ ಕಾಯಬೇಕಾದೀತು!

ನಿಮ್ಮ ದೋಣಿಯ ಲೆಕ್ಕವನ್ನು ನೀವೇ ತೆಗೆಯಿರಿ. ಟ್ಯಾಂಕು ತುಂಬಿಸಿ, ಒಂದೇ ವೇಗದಲ್ಲಿ ಎರಡು ಗಂಟೆ ಓಡಿಸಿ, ಮತ್ತೆ ತುಂಬಿಸುವಾಗ ಅಳೆಯಿರಿ. ತಳಕ್ಕೆ ಅಂಟಿದ ಚಿಪ್ಪು, ಪಾಚಿಯೂ ಎಣ್ಣೆ ಕುಡಿಯುತ್ತವೆ. ಜೂನ್-ಜುಲೈ ನಿಷೇಧದ ದಿನಗಳಲ್ಲಿ ದೋಣಿ ದಡದಲ್ಲಿರುವಾಗಲೇ ಅದನ್ನು ಕೆರೆದು ಬಣ್ಣ ಬಳಿಯುವುದು ಲೇಸು.